ರೆಕ್ಕೆಯ ಮೇಲೆ ಇಲ್ಲದ ಹಕ್ಕಿ

ಡೆಕಾಲ್, ಅಂದರೆ ಪ್ಲಾಸ್ಟಿಕ್ ವಿಮಾನಕ್ಕೆ ಗುರುತು ಹಾಕುವ ತೆಳು ಸ್ಟಿಕ್ಕರ್, ಅಂಟಿಸುವಾಗ ತಟ್ಟೆಯ ನೀರು ಉಗುರುಬೆಚ್ಚಗೆ ಇರಬೇಕು. ತಣ್ಣಗಿದ್ದರೆ ಕಾಗದದಿಂದ ಬಿಡುವುದೇ ಇಲ್ಲ. ಬಿಸಿ ಜಾಸ್ತಿಯಾದರೆ ಸುರುಳಿ ಸುತ್ತಿಕೊಂಡು ಹಾಳಾಗುತ್ತದೆ. ಇಕ್ಕಳದಲ್ಲಿ ಹಿಡಿದು ಅರ್ಧ ನಿಮಿಷ ಮುಳುಗಿಸಿ, ತೆಗೆದು, ಪಕ್ಕದಲ್ಲಿಟ್ಟು ಕಾಯಬೇಕು. ಆಮೇಲೆ ಬೆರಳ ತುದಿಯಲ್ಲಿ ಮೆಲ್ಲಗೆ ತಳ್ಳಿದರೆ ಬಣ್ಣದ ಆ ತೆಳುಪೊರೆ ಜಾರಿ ವಿಮಾನದ ಮೈಮೇಲೆ ಕೂರುತ್ತದೆ. ಕೂತ ಮೇಲೆ ಕೆಮ್ಮಬಾರದು. ನಾನು ಒಮ್ಮೆ ಕೆಮ್ಮಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಪ್ಲಾಸ್ಟಿಕ್ ವಿಮಾನ ಕಟ್ಟುವ ಈ ಹುಚ್ಚು ನನಗೆ ಹಿಡಿದು ಹತ್ತಿರ ಹತ್ತಿರ ಹದಿನೈದು ವರ್ಷವಾಯಿತು. 1:72 ಅಳತೆಯವು, ಅಂದರೆ ನಿಜವಾದ ವಿಮಾನದ ಎಪ್ಪತ್ತೆರಡರಲ್ಲಿ ಒಂದು ಭಾಗ. ಎರಡನೇ ಮಹಾಯುದ್ಧದ ಬ್ರಿಟಿಷ್ ಫೈಟರ್ ವಿಮಾನ ಸ್ಪಿಟ್‌ಫೈರ್ ಸುಮಾರು 13 ಸೆಂ.ಮೀ. ಉದ್ದ ಬರುತ್ತದೆ, ಅಂಗೈಯಲ್ಲಿ ಹಿಡಿಸುತ್ತದೆ. ಮನೆಯವರಿಗೆ ಇದೆಲ್ಲ ಮಕ್ಕಳಾಟಿಕೆ. ನನಗೂ ಶುರುವಿನಲ್ಲಿ ಹಾಗೇ ಇತ್ತು. ವಿಮಾನಗಳ ಮೇಲಿನ ಗುರುತುಗಳನ್ನು ಸರಿಯಾಗಿ ಹಾಕಬೇಕು ಅಂತ ಹಟಕ್ಕೆ ಬಿದ್ದ ಮೇಲೆ ಆಟ ಬೇರೆಯಾಯಿತು.

ಹಟಕ್ಕೆ ಕಾರಣ ಒಂದು ಪೆದ್ದುತನ. ಬರ್ಮಾ ಯುದ್ಧರಂಗದ ಒಂದು ಹರಿಕೇನ್ ವಿಮಾನ ಮಾಡಿದ್ದೆ. ಬಣ್ಣ ಚೆನ್ನಾಗಿ ಬಂದಿತ್ತು. ರೆಕ್ಕೆಗಳಿಗೆ ಬ್ರಿಟಿಷರ ಮಾಮೂಲಿ ವೃತ್ತ ಅಂಟಿಸಿದೆ. ನಡುವೆ ಕೆಂಪು, ಸುತ್ತ ನೀಲಿ. ಫೋಟೊ ನೋಡಿದ ಗೆಳೆಯನೊಬ್ಬ, "ಇದನ್ನ ಬರ್ಮಾದಲ್ಲಿ ಹಾರಿಸಿದ್ರೆ ನಿಮ್ಮವರೇ ಹೊಡೆದು ಬೀಳಿಸ್ತಾರೆ ಕಣಯ್ಯಾ" ಅಂದ. ಜಪಾನಿನ ವಿಮಾನಗಳ ಗುರುತು ಒಂದು ಕೆಂಪು ಸೂರ್ಯ. ವೇಗದಲ್ಲಿ ಹಾದುಹೋಗುವ ವಿಮಾನದ ಮೇಲೆ ಕೆಂಪು ಚುಕ್ಕೆ ಕಂಡರೆ ನೆಲದ ಮೇಲಿನ ಗನ್ನರ್ ಸುತ್ತಲಿನ ನೀಲಿಯನ್ನು ನೋಡುತ್ತಾ ಕೂರುತ್ತಾನಾ? ಹಾಗಾಗಿ ಈ ಕಡೆಯ ಬ್ರಿಟಿಷ್ ಮತ್ತು ಭಾರತೀಯ ವಾಯುಪಡೆಯ ವಿಮಾನಗಳಲ್ಲಿ ಕೆಂಪನ್ನೇ ತೆಗೆದರು. ಕಡು ನೀಲಿಯ ನಡುವೆ ತಿಳಿ ನೀಲಿ ಬಂತು. ಅಮೆರಿಕದವರು 1942ರ ಮೇ ತಿಂಗಳಲ್ಲಿ ತಮ್ಮ ಬಿಳಿ ನಕ್ಷತ್ರದ ನಡುವಿನ ಕೆಂಪು ಬೊಟ್ಟನ್ನು ಅಳಿಸಿದರು. ಕಾರಣ ಅದೇ.

ಆ ಹರಿಕೇನ್ ಇನ್ನೂ ನನ್ನ ಷೋಕೇಸಿನಲ್ಲಿದೆ, ತಪ್ಪು ಬೊಟ್ಟಿನ ಸಮೇತ.

ಗುರುತು ಹಾಕುವುದು ಶತ್ರುವನ್ನು ಹೆದರಿಸಲಿಕ್ಕೆ ಅಂತ ನಾನು ಅಲ್ಲಿಯವರೆಗೆ ಅಂದುಕೊಂಡಿದ್ದೆ. ಆ ಥರದವೂ ಇದ್ದವು, ಇಲ್ಲವೆಂದಲ್ಲ. ಶಾರ್ಕ್ ಬಾಯಿ ಗೊತ್ತಲ್ವಾ? ವಿಮಾನದ ಮೂತಿಯ ಮೇಲೆ ಹಲ್ಲು ಕಿರಿದ ಬಾಯಿ, ಮೇಲೊಂದು ಕೆಟ್ಟ ಕಣ್ಣು. ಚೀನಾ ಪರವಾಗಿ ಹೋರಾಡಿದ ಅಮೆರಿಕದ ಸ್ವಯಂಸೇವಕರ ಪಡೆ, ಕ್ಲೇರ್ ಶೆನಾಲ್ಟ್ ಕಟ್ಟಿದ್ದು, ಇದರಿಂದಲೇ ಹೆಸರಾಯಿತು. ಆದರೆ ಅದು ಅವರ ಸ್ವಂತದ್ದಲ್ಲ. ಉತ್ತರ ಆಫ್ರಿಕಾದಲ್ಲಿದ್ದ ಬ್ರಿಟಿಷರ 112ನೇ ಸ್ಕ್ವಾಡ್ರನ್, ಅಂದರೆ ವಿಮಾನಗಳ ತುಕಡಿ, ತನ್ನ ವಿಮಾನಗಳಿಗೆ ಅಂಥ ಬಾಯಿ ಬರೆದಿತ್ತು. ಆ ಫೋಟೊ ಪತ್ರಿಕೆಯಲ್ಲಿ ಬಂದಿದ್ದನ್ನು ನೋಡಿ ಇವರು ಬರೆದುಕೊಂಡರು. 112ನೆಯವರಿಗೋ, ಜರ್ಮನಿಯ ಎರಡು ಎಂಜಿನ್ನಿನ ಮೆಸ್ಸರ್‌ಸ್ಮಿಟ್ ವಿಮಾನಗಳ ಮೇಲಿದ್ದ ಶಾರ್ಕ್ ಬಾಯಿಯೇ ಸ್ಫೂರ್ತಿ. ಅಂತೂ ಶತ್ರುವಿನ ಹಲ್ಲು ದಾಟಿ ದಾಟಿ ಚೀನಾ ಸೇರಿತು. ತಮಾಷೆಯೆಂದರೆ ಆ ಅಮೆರಿಕನ್ ಪಡೆಯ ಅಡ್ಡಹೆಸರು ‘ಹಾರುವ ಹುಲಿಗಳು’. ಹೆಸರು ಹುಲಿ, ಬಾಯಿ ಶಾರ್ಕಿನದು. ರೆಕ್ಕೆಯಿರುವ ಹುಲಿಯ ಲಾಂಛನವನ್ನು ಡಿಸ್ನಿ ಸ್ಟುಡಿಯೋದವರು ಬರೆದುಕೊಟ್ಟರು.

ಆ ಬಾಯಿ ಎಲ್ಲ ವಿಮಾನಕ್ಕೂ ಒಪ್ಪುವುದಿಲ್ಲ ಅನ್ನುವುದು ಕೈಯಲ್ಲಿ ಹಿಡಿದು ಮಾಡಿದವರಿಗೆ ಗೊತ್ತು. ಆ ಹುಲಿಗಳು ಹಾರಿಸುತ್ತಿದ್ದ ಪಿ-40 ವಿಮಾನದ ಮೂತಿಯ ಕೆಳಗೆ ರೇಡಿಯೇಟರಿಗೆ ಗಾಳಿ ಹೋಗಲು ದೊಡ್ಡದೊಂದು ತೂತಿದೆ, ಆಗಲೇ ಬಾಯಿ ತೆರೆದುಕೊಂಡ ಹಾಗೆ. ಹಲ್ಲು ಬರೆಯುವುದಷ್ಟೇ ಬಾಕಿ. ಸ್ಪಿಟ್‌ಫೈರಿಗೆ ಹಾಗೆ ಬರೆದರೆ ಎತ್ತಿನ ಕೊಂಬಿಗೆ ಲಿಪ್‌ಸ್ಟಿಕ್ ಹಚ್ಚಿದಂತೆ ಕಾಣುತ್ತದೆ. ಇದು ನನ್ನ ಅಭಿಪ್ರಾಯ, ಜಗಳಕ್ಕೆ ಬರಬೇಡಿ.

ಇವೆಲ್ಲ ಹುಡುಗರು ಖುಷಿಗೆ ಬರೆದುಕೊಂಡವು. ನಮ್ಮ ಆಟೋಗಳ ಹಿಂದೆ ‘ತಾಯಿಯ ಆಶೀರ್ವಾದ’ ಅಂತ ಬರೆಸುವುದಿಲ್ವಾ, ಹೆಚ್ಚುಕಮ್ಮಿ ಹಾಗೆಯೇ. ಮೇಲಿನವರು ಕೊಡುತ್ತಿದ್ದ ಲಾಂಛನದ ಕತೆ ಬೇರೆ. ಬ್ರಿಟಿಷ್ ವಾಯುಪಡೆಯಲ್ಲಿ 1936ರ ಹೊತ್ತಿಗೆ ಇದಕ್ಕೊಂದು ಕಟ್ಟುನಿಟ್ಟಿನ ಪದ್ಧತಿ ಬಂತು. ವಂಶಲಾಂಛನಗಳ ಶಾಸ್ತ್ರ ಬಲ್ಲ ಅಧಿಕಾರಿಯೊಬ್ಬರು ಚಿತ್ರವನ್ನು ತಿದ್ದಬೇಕು. ದೊರೆ ಸಹಿ ಹಾಕಬೇಕು. ಎಲ್ಲ ಸ್ಕ್ವಾಡ್ರನ್ನಿಗೂ ಒಂದೇ ಥರದ ದುಂಡನೆಯ ಚೌಕಟ್ಟು, ಮೇಲೆ ಕಿರೀಟ, ಕೆಳಗೆ ಪಟ್ಟಿಯಲ್ಲಿ ಧ್ಯೇಯವಾಕ್ಯ. ನಡುವಿನ ಚಿತ್ರವಷ್ಟೇ ಬೇರೆ ಬೇರೆ.

ಒಂದು ರಾತ್ರಿ ಆ ಲಾಂಛನಗಳ ಪಟ್ಟಿಯನ್ನು ಸುಮ್ನೆ ನೋಡುತ್ತಾ ಹೋಗುತ್ತಿದ್ದೆ. ಹುಂಜ, ಕತ್ತಿ, ಕಣಜ, ಹಾವು. 152ನೇ ಸ್ಕ್ವಾಡ್ರನ್: ಹೈದರಾಬಾದ್ ನಿಜಾಮರ ಪೇಟ. ಅರೆ, ಅಂದುಕೊಂಡೆ. 130ನೆಯದು, ಪಂಜಾಬ್: ಆನೆಯ ತಲೆ. ಅದಕ್ಕೆ ಹಿಂದಿನದು 129. ಆವರಣದಲ್ಲಿ ಮೈಸೂರು. ಲಾಂಛನ: ‘ಗುಂಡ ಭೇರುಂಡ’.

ಇಂಗ್ಲಿಷಿನಲ್ಲಿ ಹಾಗೇ ಬರೆದಿದ್ದರು, ಗಂಡ ಹೋಗಿ ಗುಂಡ ಆಗಿತ್ತು. ನನಗೆ ನಗು ತಡೆಯಲಾಗಲಿಲ್ಲ. ನಮ್ಮೂರಲ್ಲಿ ಪ್ರತಿ ಬೀದಿಗೊಬ್ಬ ಗುಂಡ ಇರುತ್ತಾನೆ. ನಕ್ಕು ಮುಗಿದ ಮೇಲೆ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಅನುಮಾನವೇ ಇಲ್ಲ. ಎರಡು ತಲೆ, ಹರಡಿದ ರೆಕ್ಕೆ. ಸರ್ಕಾರಿ ಪತ್ರಗಳ ತಲೆಯ ಮೇಲೆ, ಕೆಎಸ್‌ಆರ್‌ಟಿಸಿ ಬಸ್ಸಿನ ಮೈಮೇಲೆ ದಿನಾ ನೋಡಿ ನೋಡಿ ಕಣ್ಣಿಗೆ ಬೀಳುವುದೇ ನಿಂತುಹೋದ ಹಕ್ಕಿ. ಅದರ ನೆತ್ತಿಯ ಮೇಲೆ ಇಂಗ್ಲೆಂಡಿನ ರಾಜನ ಕಿರೀಟ. ಕೆಳಗೆ, ನ್ಯಾಯವನ್ನು ಕಾಯುತ್ತೇನೆ ಎಂಬರ್ಥದ ಮಾತು.

ಇದು ಅಲ್ಲಿಗೆ ಹೋದದ್ದು ದುಡ್ಡಿನ ದಾರಿಯಲ್ಲಿ. 1940ರಲ್ಲಿ ಬ್ರಿಟನ್ನಿಗೆ ವಿಮಾನ ಬೇಕಿತ್ತು, ವಿಮಾನಕ್ಕೆ ಹಣ ಬೇಕಿತ್ತು. 5,000 ಪೌಂಡ್ ಕೊಟ್ಟರೆ ಒಂದು ಸ್ಪಿಟ್‌ಫೈರ್ ಮೇಲೆ ನಿಮ್ಮ ಊರಿನದೋ ಸಂಘದ್ದೋ ಹೆಸರು ಬರೆಯುತ್ತಿದ್ದರು. ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ದಾನಿಗಳ ಹೆಸರು ಬರೆಸುವ ಹಾಗೆ. ಇನ್ನೂ ದೊಡ್ಡ ಮೊತ್ತ ಕೊಟ್ಟ ಸಂಸ್ಥಾನ, ಪ್ರಾಂತಗಳ ಹೆಸರನ್ನು ಇಡೀ ಸ್ಕ್ವಾಡ್ರನ್ನಿಗೇ ಇಟ್ಟರು. ಹೈದರಾಬಾದ್, ಬರೋಡಾ, ಬಾಂಬೆ, ಮದ್ರಾಸ್ ಪ್ರೆಸಿಡೆನ್ಸಿ, ಪಂಜಾಬ್, ಮೈಸೂರು. ನಾಲ್ವಡಿಯವರು 1940ರ ಆಗಸ್ಟಿನಲ್ಲಿ ತೀರಿಕೊಂಡಿದ್ದರು, ಜಯಚಾಮರಾಜ ಒಡೆಯರು ಆಗಷ್ಟೇ ಪಟ್ಟಕ್ಕೆ ಬಂದಿದ್ದರು. ಅದೇ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರುವಾಯಿತು. ವಾಲ್‌ಚಂದ್ ಹೀರಾಚಂದರ ಜೊತೆ ಮೈಸೂರು ಸರ್ಕಾರವೂ ಬಂಡವಾಳ ಹಾಕಿತ್ತು. ಇತ್ತ ಕಾರ್ಖಾನೆ, ಅತ್ತ ಸ್ಕ್ವಾಡ್ರನ್.

129ನೇ ಸ್ಕ್ವಾಡ್ರನ್ 1941ರ ಜೂನಿನಲ್ಲಿ ಉತ್ತರ ಇಂಗ್ಲೆಂಡಿನ ಲೆಕನ್‌ಫೀಲ್ಡ್‌ನಲ್ಲಿ ಸ್ಪಿಟ್‌ಫೈರ್‌ಗಳೊಂದಿಗೆ ಆರಂಭವಾಯಿತು. 1942ರ ಆಗಸ್ಟಿನಲ್ಲಿ ಫ್ರಾನ್ಸಿನ ತೀರದ ಡಿಯೆಪ್ ಮೇಲಿನ ದಾಳಿಯ ದಿನ ಹಾರಿತು. 1944ರಲ್ಲಿ ಮಸ್ಟಾಂಗ್ ವಿಮಾನಗಳು ಸಿಕ್ಕವು. ಆ ಜೂನಿನಲ್ಲಿ ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿ ತೀರಕ್ಕೆ ಇಳಿದ ಹೊತ್ತಿಗೆ ಎರಡು ಪೋಲಿಷ್ ಸ್ಕ್ವಾಡ್ರನ್‌ಗಳ ಜೊತೆ ಕೂಲಮ್ ಎಂಬ ಹಳ್ಳಿಯ ಹುಲ್ಲುಗಾವಲಿನಲ್ಲಿ ಮಾಡಿದ ತಾತ್ಕಾಲಿಕ ನೆಲೆಯಲ್ಲಿತ್ತು. ಆಮೇಲೆ ಬ್ರೆಂಜೆಟ್‌ಗೆ ಹೋಗಿ, ಲಂಡನ್ ಕಡೆಗೆ ಬರುತ್ತಿದ್ದ ಜರ್ಮನಿಯ ವಿ-1 ಹಾರುಬಾಂಬುಗಳನ್ನು ಅಟ್ಟಿಸಿಕೊಂಡು ಹೋಗಿ ಹೊಡೆಯುವ ಕೆಲಸ. 1946ರಲ್ಲಿ 129 ಅನ್ನುವ ಸಂಖ್ಯೆ ರದ್ದಾಯಿತು. ಅದರ ಜೊತೆ ಮೈಸೂರಿನ ಹೆಸರೂ ಹೋಯಿತು.

ಸರಿ, ನನ್ನ ಮುಂದಿನ ವಿಮಾನ ಯಾವುದು ಅಂತ ಆ ರಾತ್ರಿಯೇ ತೀರ್ಮಾನವಾಗಿತ್ತು. 129ನೇ ಸ್ಕ್ವಾಡ್ರನ್ನಿನ ಮಸ್ಟಾಂಗ್, ಜೂನ್ 1944. ಮೈಮೇಲೆ ಗಂಡಭೇರುಂಡ.

ಕಷ್ಟ ಶುರುವಾಗಿದ್ದೇ ಅಲ್ಲಿ. ನಾನು ನೋಡಿದ ಫೋಟೊಗಳಲ್ಲಿ ಕಂಡದ್ದು ಡಿ ಮತ್ತು ವಿ ಎಂಬ ಎರಡು ಅಕ್ಷರ, ಆಚೆಗೆ ವೃತ್ತದ ಗುರುತು, ಅದರಾಚೆ ಇನ್ನೊಂದು ಅಕ್ಷರ. ಡಿವಿ ಅಂದರೆ 129ನೇ ಸ್ಕ್ವಾಡ್ರನ್. ಒಂಟಿ ಅಕ್ಷರ ಆ ವಿಮಾನದ್ದೇ ಗುರುತು. 1943ರಲ್ಲಿ ಇದೇ ಸ್ಕ್ವಾಡ್ರನ್ನಿನಲ್ಲಿ ಡಿವಿ-ಜಿ ಆಗಿ ಹಾರಿದ ಎಂಎಚ್415 ಎಂಬ ಸ್ಪಿಟ್‌ಫೈರ್ ಹಲವು ಕೈ ದಾಟಿ ಇಂದಿಗೂ ಉಳಿದಿದೆ. ಹಕ್ಕಿ ಮಾತ್ರ ನನಗೆ ಎಲ್ಲೂ ಕಾಣಲಿಲ್ಲ.

ಯಾಕೆ ಅನ್ನುವುದು ನಿಧಾನಕ್ಕೆ ಅರ್ಥವಾಯಿತು. ಯುದ್ಧಕ್ಕೆ ಮುಂಚೆ ಬ್ರಿಟಿಷ್ ಫೈಟರ್ ವಿಮಾನಗಳು ಜಾತ್ರೆಗೆ ಹೊರಟ ಎತ್ತಿನ ಹಾಗೆ ಇರುತ್ತಿದ್ದವು. ಬೆಳ್ಳಗೆ ಹೊಳೆಯುವ ಮೈ, ಪಕ್ಕಕ್ಕೆ ಚೌಕಳಿ. 43ನೆಯವರದು ಕಪ್ಪು-ಬಿಳುಪು, 56ನೆಯವರದು ಕೆಂಪು-ಬಿಳುಪು. 1938ರಲ್ಲಿ ಯುದ್ಧ ಇನ್ನೇನು ಶುರುವಾಯಿತು ಅನ್ನಿಸಿದ ಮ್ಯೂನಿಕ್ ಬಿಕ್ಕಟ್ಟು ಬಂದಾಗ ಗಡಿಬಿಡಿಯಲ್ಲಿ ಎಲ್ಲದರ ಮೇಲೂ ಹಸಿರು, ಕಂದು ಬಳಿದರು. ಸ್ಕ್ವಾಡ್ರನ್ನಿನ ಹೆಸರು ಶತ್ರುವಿಗೆ ತಿಳಿಯಬಾರದು, ತಮ್ಮವರಿಗೆ ತಿಳಿಯಬೇಕು. ಹಾಗಾಗಿ ಕೋಡ್ ಅಕ್ಷರಗಳು ಬಂದವು. ಲಾಂಛನಗಳ ಜಾಗ ಹೆಚ್ಚಾಗಿ ಮೆಸ್ಸಿನ ಗೋಡೆ, ಕಾಗದ ಪತ್ರ ಅಂತಾಯಿತು. ಎಲ್ಲರೂ ಪಾಲಿಸಿದರು ಅಂತಲ್ಲ. ನಿಜಾಮರ ಪೇಟದ 152ನೇ ಸ್ಕ್ವಾಡ್ರನ್ ಬರ್ಮಾಕ್ಕೆ ಬಂದಾಗ ಅದರ ಸ್ಪಿಟ್‌ಫೈರ್‌ಗಳ ಮೈಮೇಲೆ ನೆಗೆಯುವ ಕರಿಚಿರತೆ ಇತ್ತು. ಮೇಲಿನಿಂದ ಬಂದ ಪೇಟ ಬಿಟ್ಟು ಹುಡುಗರು ಚಿರತೆ ಬರೆದುಕೊಂಡರು. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ ಅನ್ನಿಸುತ್ತದೆ.

ಮಸ್ಟಾಂಗಿಗೆ ಹಕ್ಕಿ ಸಿಗಲಿಲ್ಲ, ಪಟ್ಟೆ ಸಿಕ್ಕವು. ನಾರ್ಮಂಡಿ ಪಟ್ಟೆಗಳು. ರೆಕ್ಕೆಗಳ ಸುತ್ತ, ಹಿಂಭಾಗದ ಸುತ್ತ ಐದೈದು. ಮೂರು ಬಿಳಿ, ನಡುವೆ ಎರಡು ಕಪ್ಪು. ಒಂದು ಎಂಜಿನ್ನಿನ ವಿಮಾನಕ್ಕೆ ತಲಾ 18 ಇಂಚು ಅಗಲ. ನನ್ನ ಅಳತೆಗೆ ಇಳಿಸಿದರೆ ಆರೂಕಾಲು ಮಿಲಿಮೀಟರಿಗೆ ಒಂಚೂರು ಮೇಲೆ. ಮಾಸ್ಕಿಂಗ್ ಟೇಪನ್ನು ಬ್ಲೇಡಿನಲ್ಲಿ ಅಷ್ಟಗಲಕ್ಕೆ ಸೀಳಿ, ಅಂಟಿಸಿ, ಬಿಳಿ ಹೊಡೆದು, ಒಣಗಿಸಿ, ಮತ್ತೆ ಅಂಟಿಸಿ, ಕಪ್ಪು ಹೊಡೆಯಬೇಕು. ಎರಡು ಭಾನುವಾರ ಹೋಯಿತು. ಅಂಚು ನೂಲು ಹಿಡಿದ ಹಾಗೆ ಬಂತು. ಹೆಮ್ಮೆಯಿಂದ ಗೆಳೆಯನಿಗೆ ಫೋಟೊ ಕಳಿಸಿದೆ. "ಇಷ್ಟು ನೀಟಾಗಿದ್ರೆ ತಪ್ಪು" ಅಂತ ಉತ್ತರ ಬಂತು!

ಅವನು ಹೇಳಿದ್ದು ನಿಜ. ಅಪ್ಪಣೆ ಬಂದದ್ದು ದಾಳಿಗೆ ಎರಡು ಮೂರು ದಿನ ಮುಂಚೆ, ಗುಟ್ಟು ಒಡೆಯಬಾರದು ಅಂತ. ಸಾವಿರಾರು ವಿಮಾನಗಳಿಗೆ ಪಟ್ಟೆ ಬಳಿಯಬೇಕು. ನೆಲದ ಸಿಬ್ಬಂದಿ ಸಿಕ್ಕಿದ ಬ್ರಷ್ಷು, ಪೊರಕೆ ಹಿಡಿದು ರಾತ್ರಿಯಿಡೀ ಬಳಿದರು. ಸಂಕ್ರಾಂತಿಗೆ ಕೊಟ್ಟಿಗೆ ಗೋಡೆಗೆ ಸುಣ್ಣ ಹೊಡೆಯುವ ರೀತಿಯಲ್ಲಿ. ಹಳೆಯ ಫೋಟೊ ನೋಡಿದರೆ ಅಂಚು ಸೊಟ್ಟ, ಬಣ್ಣ ಸೋರಿದೆ, ಬ್ರಷ್ಷಿನ ಗೀರು ಎದ್ದು ಕಾಣುತ್ತದೆ.

ಪಟ್ಟೆಯೇ ಯಾಕೆ ಅಂದರೆ, ಕಾರಣ ಹಿಂದಿನ ವರ್ಷ ಇಟಲಿಯ ಸಿಸಿಲಿ ದ್ವೀಪದಲ್ಲಿ ಆದದ್ದು. 1943ರ ಜುಲೈ 11ರ ರಾತ್ರಿ ಅಮೆರಿಕದ 144 ಸಾರಿಗೆ ವಿಮಾನಗಳು ಪ್ಯಾರಾಟ್ರೂಪರ್‌ಗಳನ್ನು ತುಂಬಿಕೊಂಡು ತಮ್ಮದೇ ಹಡಗುಗಳ ಮೇಲೆ ಹಾದುಹೋದವು. ಸ್ವಲ್ಪ ಮುಂಚೆ ಜರ್ಮನ್ ದಾಳಿಯಾಗಿತ್ತು, ಎಲ್ಲರ ಬೆರಳೂ ಬಂದೂಕಿನ ಕುದುರೆಯ ಮೇಲೇ ಇತ್ತು. ಒಬ್ಬ ಗುಂಡು ಹಾರಿಸಿದ, ಮಿಕ್ಕವರೂ ಶುರು ಮಾಡಿದರು. 23 ವಿಮಾನ ಬಿದ್ದವು, 37ಕ್ಕೆ ಪೆಟ್ಟಾಯಿತು. ಶತ್ರು ಅಲ್ಲಿ ಇರಲೇ ಇಲ್ಲ. ಪಟ್ಟೆ ಹುಟ್ಟಿದ್ದು ಈ ಭಯದಲ್ಲಿ. ನಾನು ಟೇಪು ಸೀಳುತ್ತಾ ಕೂತಿದ್ದ ಆ ಚೆಂದದ ಕಪ್ಪು-ಬಿಳುಪು ಹೇಳುತ್ತಿದ್ದದ್ದು ಇಷ್ಟೇ: ನಾನು ನಿಮ್ಮವನು, ಹೊಡೀಬೇಡಿ.

ನಿಮ್ಮವನು ಅಂದರೆ ಯಾರವನು ಅನ್ನುವುದು ಆಗ ತಲೆಗೆ ಹೊಕ್ಕಿತು.

ನನ್ನ ಅಜ್ಜಿ ಮನೆ ಶಿಕಾರಿಪುರ ತಾಲ್ಲೂಕು. ಆ ಕಡೆಯವರಿಗೆ ಗಂಡಭೇರುಂಡ ಮೈಸೂರಿನಿಂದ ಬರಬೇಕಾಗಿಲ್ಲ. ಬಳ್ಳಿಗಾವಿಯಲ್ಲಿ ಚಾಳುಕ್ಯರ ಸಾಮಂತ ಚಾವುಂಡರಾಯ 1047ರಲ್ಲಿ ನಿಲ್ಲಿಸಿದ ಕಂಬದ ತುದಿಯಲ್ಲಿ ಅದು ನಿಂತಿದೆ. ಅಲ್ಲಿ ಅದು ಪೂರ್ತಿ ಹಕ್ಕಿಯೂ ಅಲ್ಲ, ಮನುಷ್ಯನ ಮೈ, ಎರಡು ಹಕ್ಕಿತಲೆ. ಒಡೆಯರಿಗಿಂತ ಹಳೆಯದು, ವಿಜಯನಗರದ ನಾಣ್ಯಗಳಿಗಿಂತಲೂ ಹಳೆಯದು. ಶಾಲೆಯಿಂದ ಅಲ್ಲಿಗೆ ಪಿಕ್‌ನಿಕ್ ಹೋದಾಗ ಮೇಷ್ಟ್ರು ಕಂಬ ತೋರಿಸಿದ್ದರು. ನಮಗೆ ಚಿತ್ರಾನ್ನದ ಕಡೆಗೇ ಗಮನ. ಅದೇ ಪಿಕ್‌ನಿಕ್ಕಿನಲ್ಲಿ ಇನ್ನೊಂದು ಊರಿಗೂ ಕರೆದುಕೊಂಡು ಹೋಗಿದ್ದರು. ಅದೇ ತಾಲ್ಲೂಕಿನ ಈಸೂರು.

129ನೆಯವರು ಡಿಯೆಪ್ ಮೇಲೆ ಹಾರಿದ ಮರುತಿಂಗಳು, 1942ರ ಸೆಪ್ಟೆಂಬರಿನಲ್ಲಿ, ಈಸೂರಿನವರು ವೀರಭದ್ರ ದೇವಸ್ಥಾನದ ಮೇಲೆ ತ್ರಿವರ್ಣ ಬಾವುಟ ಹಾರಿಸಿ ಇನ್ನು ನಾವು ಸ್ವತಂತ್ರರು ಅಂದರು. ಕಂದಾಯ ಕೊಡುವುದಿಲ್ಲ ಅಂದರು. ಊರಿನ ಹುಡುಗರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಮಾಡಿದರು. ‘ಏಸೂರ ಕೊಟ್ಟರೂ ಈಸೂರ ಕೊಡೆವು’ ಎಂಬ ಮಾತು ನಮ್ಮಲ್ಲಿ ಇವತ್ತಿಗೂ ಎಲ್ಲರ ಬಾಯಲ್ಲಿದೆ. ನಿಜವಾದ ಅಮಲ್ದಾರರೂ ಪೊಲೀಸರೂ ಬಂದಾಗ ಜನ ಅವರಿಗೆ ಗಾಂಧಿ ಟೋಪಿ ಹಾಕಿಕೊಳ್ಳಿ ಅಂತ ಪಟ್ಟು ಹಿಡಿದರು. ಅಲ್ಲಿಂದ ಜಗಳ ಹತ್ತಿಕೊಂಡಿತು. ಲಾಠಿ, ಗುಂಡು, ಕೊನೆಗೆ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರೂ ಪ್ರಾಣ ಕಳೆದುಕೊಂಡರು. ಆಮೇಲೆ ಸರ್ಕಾರದ ಕಡೆಯವರು ಬಂದು ಊರನ್ನು ಲೂಟಿ ಮಾಡಿದರು. 1943ರ ಮಾರ್ಚಿನಲ್ಲಿ ಐದು ಜನರನ್ನು ಗಲ್ಲಿಗೆ ಹಾಕಿದರು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ.

ಗಲ್ಲಿಗೆ ಹಾಕಿದ್ದು ಮೈಸೂರು ಸರ್ಕಾರ. ಅದರ ಲಾಂಛನ ಗಂಡಭೇರುಂಡ.

ಒಂದೇ ಹಕ್ಕಿ, ಒಂದೇ ಯುದ್ಧಕಾಲ. ಅಲ್ಲಿ ನ್ಯಾಯ ಕಾಯುತ್ತೇನೆ ಅಂತ ಹಿಟ್ಲರನ ವಿರುದ್ಧ ಹೊರಟ ಹುಡುಗರ ಮೆಸ್ಸಿನಲ್ಲಿ ಅದು. ಇಲ್ಲಿ ಟೋಪಿಯ ಜಗಳದಲ್ಲಿ ಸಿಕ್ಕಿಬಿದ್ದ ರೈತರ ಮರಣದಂಡನೆಯ ಸರ್ಕಾರದ್ದೂ ಅದೇ. ಆ ಪೈಲಟ್‌ಗಳ ಮೇಲೆ ನನಗೆ ಸಿಟ್ಟಿಲ್ಲ. ಈಸೂರು ಎಲ್ಲಿದೆ ಅಂತ ಅವರಿಗೆ ಗೊತ್ತಿರಲಿಕ್ಕಿಲ್ಲ, ಮೈಸೂರು ಎಲ್ಲಿದೆ ಅಂತ ಗೊತ್ತಿದ್ದರೇ ಹೆಚ್ಚು. ಸಂಸ್ಥಾನದ ಖಜಾನೆಗೆ ಕಂದಾಯ ಕಟ್ಟಿದವರಲ್ಲಿ ನಮ್ಮಜ್ಜಿಯ ಮನೆಯವರೂ ಇದ್ದರು. ಆ ಮಸ್ಟಾಂಗಿನ ಡಿವಿ ಅಕ್ಷರದ ಹಿಂದೆ ಅವರ ನಾಲ್ಕಾಣೆಯೂ ಇರಬಹುದಾ? ಮೊದಲ ರಾತ್ರಿ ಹಕ್ಕಿ ಕಂಡಾಗ ಎದೆ ಉಬ್ಬಿದ್ದು ಸುಳ್ಳಲ್ಲ. ಈಗ ಉಬ್ಬುವುದಿಲ್ಲ ಅಂತಲೂ ಅಲ್ಲ. ಎರಡು ತಲೆ ಎರಡು ಕಡೆ ನೋಡುತ್ತವೆ ಅಂತ ಇಲ್ಲೊಂದು ಸುಲಭದ ಮಾತು ಬರೆಯಬಹುದಿತ್ತು, ಬೇಡ ಅನ್ನಿಸಿತು.

ಮಸ್ಟಾಂಗ್ ಮುಗಿಯಿತು. ಪಟ್ಟೆಗಳ ಅಂಚನ್ನು ಹಳೇ ಬ್ರಷ್ಷಿನಲ್ಲಿ ಬೇಕಂತಲೇ ಕೆಡಿಸಿದೆ. ಡಿವಿ ಅಕ್ಷರಗಳನ್ನು ಬೇರೆ ಬೇರೆ ಹಾಳೆಗಳಿಂದ ಕತ್ತರಿಸಿ ಜೋಡಿಸಿದೆ. ಮೇಜಿನ ಪಕ್ಕ ಕೂತು ನೋಡುತ್ತಿದ್ದ ಮಗಳು, "ಅಪ್ಪಾ, ಆ ಎರಡು ತಲೆ ಹಕ್ಕಿ ಎಲ್ಲಿ?" ಅಂದಳು. ಅದು ಇದರ ಮೇಲೆ ಇರಲಿಲ್ಲ ಮಗಳೇ ಅಂದೆ. "ಮತ್ತೆ ಅದಕ್ಕೋಸ್ಕರ ಅಲ್ವಾ ಇದನ್ನ ಮಾಡಿದ್ದು?"

ಉತ್ತರ ಹೊಳೆಯಲಿಲ್ಲ. ಸರಿ, ಸುಮ್ನೆ ನೋಡೋಣ ಅಂತ ಪೈಲಟ್ ಕೂರುವ ಜಾಗದ ಕೆಳಗೆ ಬರೆಯಲು ಕೂತೆ. ಒಂದಡಿ ಲಾಂಛನ ನನ್ನ ಅಳತೆಯಲ್ಲಿ ನಾಲ್ಕು ಮಿಲಿಮೀಟರ್. ಮನೆಯಲ್ಲಿರುವ ಅತಿ ಸಣ್ಣ ಬ್ರಷ್, ತಲೆಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ, ಉಸಿರು ಬಿಗಿ ಹಿಡಿದು ಮೊದಲು ಕೆಂಪು, ಅದರ ಮೇಲೆ ಬಿಳಿ. ರೆಕ್ಕೆ ಬಂತು. ಒಂದು ತಲೆ ಬಂತು. ಎರಡನೆಯದು ಮೊದಲನೆಯದಕ್ಕೆ ಅಂಟಿಕೊಂಡಿತು. ಮಗಳು ಬಗ್ಗಿ ನೋಡಿ, "ಕೋಳಿ ಥರ ಇದೆ" ಅಂದಳು.

ಹತ್ತಿಗೆ ಥಿನ್ನರ್ ಹಾಕಿ ಒರೆಸಿದೆ. ಹಸಿರು ಬಣ್ಣವೂ ಸ್ವಲ್ಪ ಎದ್ದು ಬಂತು, ಅಲ್ಲಿಗೆ ತೇಪೆ ಹಚ್ಚಿದೆ. ಈಗ ಅದು ಹರಿಕೇನಿನ ಪಕ್ಕದಲ್ಲಿ ನಿಂತಿದೆ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ತೇಪೆಯ ಅಂಚಿನಲ್ಲಿ ಇನ್ನೂ ಒಂಚೂರು ಕೆಂಪು ಕಾಣುತ್ತದೆ.